ಬಣ್ಣ ಒಬ್ಬರದು, ಪೈಲಟ್ ಇನ್ನೊಬ್ಬರವರು: ಅಮೆರಿಕದ ಪೈಲಟ್ ಸಂಘಗಳ ಪಟ್ಟು ಸರಿಯೇ?

ಅನಂತಕೃಷ್ಣ, ಡಲ್ಲಾಸ್: ಯುನೈಟೆಡ್, ಡೆಲ್ಟಾ, ಅಮೆರಿಕನ್ ಎಂಬ ದೊಡ್ಡ ವಿಮಾನ ಸಂಸ್ಥೆಗಳ ಹೆಸರು ನೋಡಿ ಟಿಕೆಟ್ ಕೊಂಡವರು ಇಲ್ಲಿ ಸಣ್ಣ ಊರಿಗೆ ಹೊರಟಾಗ ಹತ್ತುವುದು ಬಹುಮಟ್ಟಿಗೆ ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಪ್ರಾದೇಶಿಕ ಸಂಸ್ಥೆಯ ವಿಮಾನವನ್ನು. ಈ ಹೊರಗುತ್ತಿಗೆಗೆ ಇರುವ ನಿಜವಾದ ಕಡಿವಾಣವೆಂದರೆ ದೊಡ್ಡ ಸಂಸ್ಥೆಗಳ ಪೈಲಟ್ ಸಂಘಗಳು ತಮ್ಮ ಒಪ್ಪಂದದಲ್ಲಿ ಬರೆಸಿಕೊಂಡಿರುವ ಸ್ಕೋಪ್ ಷರತ್ತು. 76ಕ್ಕಿಂತ ಹೆಚ್ಚು ಆಸನಗಳಿರುವ ಅಥವಾ 86,000 ಪೌಂಡ್‌ಗಿಂತ ಭಾರವಾದ ಜೆಟ್ ವಿಮಾನವನ್ನು ಅದರ ಪ್ರಕಾರ ಹೊರಗಿನವರ ಕೈಗೆ ಕೊಡುವಂತಿಲ್ಲ. ಈ ಷರತ್ತನ್ನು ಎಳ್ಳಷ್ಟೂ ಸಡಿಲಿಸಬಾರದು ಎಂದು ನಾನು ಖಚಿತವಾಗಿ ನಂಬಿದ್ದೇನೆ.

ನರಹರಿ: ಕಡಿವಾಣ ಎಂದಿರಿ. ಅದು ಯಾರ ಬಾಯಿಗೆ ಬಿದ್ದಿದೆ ಎಂದು ನೋಡಿ. ಎಂಬ್ರೇಯರ್ ಕಂಪನಿ ಕಡಿಮೆ ಇಂಧನ ಕುಡಿಯುವ ಹೊಸ ಇ175-ಇ2 ವಿಮಾನವನ್ನು ರೂಪಿಸಿದರೂ, ಅದರ ತೂಕ ನಿಮ್ಮ ಮಿತಿಯನ್ನು ಮೀರಿದ್ದರಿಂದ ಅಮೆರಿಕದ ಪ್ರಾದೇಶಿಕ ಸಂಸ್ಥೆಗಳು ಅದನ್ನು ಹಾರಿಸಲಾಗದು. 50ಕ್ಕಿಂತ ಹೆಚ್ಚು ಆಸನಗಳ ವಿಮಾನಗಳನ್ನು ಎಷ್ಟು ಹೊರಗೆ ಕೊಡಬಹುದು ಎಂಬುದಕ್ಕೂ ಷರತ್ತಿನಲ್ಲಿ ಮಿತಿ ಇರುವುದರಿಂದ, 2019ರಲ್ಲಿ ಯುನೈಟೆಡ್‌ಗಾಗಿ ಬಂದ ಸಿಆರ್‌ಜೆ-550 ವಿಮಾನದಲ್ಲಿ, ಸುಮಾರು 70 ಜನ ಕೂರುವ ವಿಮಾನದ ಒಡಲಿನೊಳಗೆ 50 ಆಸನಗಳನ್ನಷ್ಟೇ ಉಳಿಸಿ, ಮಿಕ್ಕ ಜಾಗದಲ್ಲಿ ಬ್ಯಾಗುಗಳ ಕಪಾಟು ಕೂರಿಸಿದ್ದಾರೆ. ಇದರಿಂದ ಯಾವ ಪೈಲಟ್‌ಗೆ ಯಾವ ಲಾಭವಾಯಿತು?

ಶೈಲಜಾ: ಕಪಾಟಿನ ಮಾತು ಹಾಗಿರಲಿ. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಬಿದ್ದ ವಿಮಾನದ ಮೇಲೆ ಕಾಂಟಿನೆಂಟಲ್ ಎಂಬ ದೊಡ್ಡ ಸಂಸ್ಥೆಯ ಹೆಸರಿತ್ತು, ಹಾರಿಸಿದ್ದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆ. 50 ಜನ ಸತ್ತರು. ಕಾಂಟಿನೆಂಟಲ್ ಪೈಲಟ್‌ಗಳ ಒಪ್ಪಂದದಲ್ಲಿ 50 ಆಸನ ಮೀರಿದ ಜೆಟ್‌ಗಳನ್ನು ಹೊರಗೆ ಕೊಡಲು ಅವಕಾಶವಿರಲಿಲ್ಲ. ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್ ವಿಮಾನಗಳಿಗೆ ಆ ಮಿತಿ ಅನ್ವಯಿಸದ ಕಾರಣ, ಅಂಥದೇ ಆದ 74 ಆಸನಗಳ ಕ್ಯೂ400 ಹೊರಗುತ್ತಿಗೆಗೆ ಹೋಯಿತು. ಸಹ ಪೈಲಟ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ನೆವಾರ್ಕ್‌ಗೆ ಸರಕು ವಿಮಾನಗಳಲ್ಲಿ ಬಂದು, ಸಿಬ್ಬಂದಿಯ ವಿಶ್ರಾಂತಿ ಕೋಣೆಯ ಸೋಫಾದಲ್ಲಿ ಮಲಗೆದ್ದು ಕೆಲಸಕ್ಕೆ ಹೋದವರು. ಅವರ ವರ್ಷದ ಸಂಬಳ ಸುಮಾರು 16,000 ಡಾಲರ್ ಎಂದು ವಿಚಾರಣೆಯಲ್ಲಿ ಹೇಳಲಾಯಿತು.

ನರಹರಿ: ಸೋಫಾದ ಮೇಲೆ ಮಲಗಿದ್ದರಿಂದ ವಿಮಾನ ಬಿತ್ತು ಎಂದು ಯಾವ ವರದಿಯಲ್ಲಿದೆ? ವೇಗ ಕುಸಿಯುತ್ತಿದೆ ಎಂದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು ಪ್ರತಿಕ್ರಿಯೆಯೇ ಸಂಭವನೀಯ ಕಾರಣ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಬರೆದಿದೆ. ದಣಿವಿನ ಪಾಲು ಎಷ್ಟೆಂದು ನಿರ್ಣಾಯಕವಾಗಿ ಹೇಳಲಾಗದು ಎಂದೂ ಬರೆದಿದೆ.

ಅನಂತಕೃಷ್ಣ, ಡಲ್ಲಾಸ್: ಅರ್ಧ ಓದಿ ಅರ್ಧ ನುಂಗಬೇಡಿ ಸ್ವಾಮಿ. ದಣಿವಿನಿಂದ ಅವರ ಕಾರ್ಯಕ್ಷಮತೆ ಕುಂದಿರುವ ಸಂಭವವಿದೆ ಎಂಬ ಮಾತೂ ಅಲ್ಲೇ ಇದೆ. ಆ ಅಪಘಾತದ ಫಲವಾಗಿಯೇ 2010ರಲ್ಲಿ ಕಾನೂನು ಬಂದು, 250 ಗಂಟೆ ಹಾರಿಸಿದ್ದರೆ ಸಾಕಾಗಿದ್ದ ಸಹ ಪೈಲಟ್‌ಗಳಿಗೆ 2013ರಿಂದ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು.

ನರಹರಿ: ಆ 1,500 ಗಂಟೆಯ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ಕೋಲ್ಗನ್ ಕ್ಯಾಪ್ಟನ್ 3,379 ಗಂಟೆ, ಸಹ ಪೈಲಟ್ 2,244 ಗಂಟೆ ಹಾರಿಸಿದ್ದವರು. ಆ ನಿಯಮ ಅಂದೇ ಇದ್ದಿದ್ದರೂ ಇಬ್ಬರೂ ಅದೇ ಕಾಕ್‌ಪಿಟ್‌ನಲ್ಲಿ ಕುಳಿತಿರುತ್ತಿದ್ದರು. ಸತ್ತವರನ್ನು ಮುಂದಿಟ್ಟುಕೊಂಡು ಸಂಬಳದ ವಾದ ಗೆಲ್ಲಲು ಹೊರಡುವುದು ನನಗೆ ಸಹಿಸಲಾಗದ ಮಾತು.

ಶೈಲಜಾ: ಸಂಬಳದ ವಾದ ಎಂದು ತಳ್ಳಿಹಾಕುವ ಮೊದಲು ಕೇಳಿ. ನನ್ನ ಅಕ್ಕನ ಮಗ ಇಂಥದೊಂದು ಪ್ರಾದೇಶಿಕ ಸಂಸ್ಥೆಯಲ್ಲಿ ಸಹ ಪೈಲಟ್ ಆಗಿದ್ದ ಎರಡು ವರ್ಷ, ವಿಮಾನ ನಿಲ್ದಾಣದ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ ಇನ್ನೂ ಒಂಬತ್ತು ಜನರ ಜೊತೆ ಇದ್ದ. ಒಬ್ಬರು ಎದ್ದುಹೋದ ಮಂಚದಲ್ಲಿ ಇನ್ನೊಬ್ಬರು ಮಲಗುತ್ತಿದ್ದುದರಿಂದ, ಹಾಸುವ ಬಟ್ಟೆಯನ್ನು ಸುತ್ತಿ ತನ್ನ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಬೆಳಗಿನ ಜಾವದ ಸರದಿಯಿದ್ದರೆ ಅವರಮ್ಮನಿಗೆ ಮೈಸೂರಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ಗುರುಪ್ರಸಾದ: ಆ ಹುಡುಗನಿಗೆ ದೊಡ್ಡ ಪೈಲಟ್‌ಗಳ ಸಂಘ ಏನು ಮಾಡಿತು ಎಂಬುದನ್ನೂ ಹೇಳಿ. ಹಲವು ವಿಮಾನ ಸಂಸ್ಥೆಗಳ ಪೈಲಟ್‌ಗಳು ಸೇರಿರುವ ಆಲ್ಪಾ ಸಂಘದಲ್ಲಿ ಡೆಲ್ಟಾ ಪೈಲಟ್‌ಗಳೂ ಇದ್ದರು, ಡೆಲ್ಟಾದ ಒಡೆತನದಲ್ಲೇ ಇದ್ದ ಕಾಮೇರ್ ಎಂಬ ಪ್ರಾದೇಶಿಕ ಸಂಸ್ಥೆಯ ಪೈಲಟ್‌ಗಳೂ ಇದ್ದರು. 2001ರಲ್ಲಿ ಕಾಮೇರ್‌ನವರು 89 ದಿನ ಮುಷ್ಕರ ಹೂಡಿ ವೇತನ ಹೆಚ್ಚಿಸಿಕೊಂಡರು; 2012ರಲ್ಲಿ ಡೆಲ್ಟಾ ಆ ಸಂಸ್ಥೆಗೇ ಬಾಗಿಲು ಹಾಕಿತು. ಯಾವ ವಿಮಾನ, ಎಷ್ಟು ಸಂಬಳ ಎಂಬುದನ್ನು ಸೇವಾ ಹಿರಿತನದ ಮೇಲೆ ನಿರ್ಧರಿಸುವ ಡೆಲ್ಟಾದ ಸೀನಿಯಾರಿಟಿ ಪಟ್ಟಿಗೆ ಅವರನ್ನು ಸೇರಿಸಿಕೊಂಡಿದ್ದರೆ ಸ್ಕೋಪ್ ಷರತ್ತಿನ ಅಗತ್ಯವಾದರೂ ಏನಿತ್ತು? ಎರಡು ದೋಣಿಯಲ್ಲಿ ಕಾಲಿಟ್ಟ ಸಂಘ ಯಾರನ್ನು ದಡ ಸೇರಿಸೀತು?

ನರಹರಿ: ವೇತನ ಹೆಚ್ಚಿಸಿಕೊಂಡರು ಎಂದಿರಿ. 2022ರಲ್ಲಿ ಅಮೆರಿಕನ್‌ನ ಅಧೀನ ಸಂಸ್ಥೆಗಳಾದ ಎನ್ವಾಯ್, ಪೀಡ್‌ಮಾಂಟ್ ತಮ್ಮ ಪೈಲಟ್‌ಗಳ ಸಂಬಳವನ್ನು ಒಮ್ಮೆಲೇ ಏರಿಸಿದ್ದು ಪೈಲಟ್‌ಗಳು ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ, ಮುಷ್ಕರಕ್ಕೆ ಹೆದರಿ ಅಲ್ಲ.

ಶೈಲಜಾ: ಪೈಲಟ್‌ಗಳು ಸಿಗದಂತಾಗಲು ಆ 1,500 ಗಂಟೆಯ ನಿಯಮವೂ ಒಂದು ಕಾರಣವೆಂದು ಸಂಸ್ಥೆಗಳೇ ದೂರುತ್ತಿದ್ದವು. ಬಫಲೋದ ಕುಟುಂಬಗಳು ವಾಷಿಂಗ್ಟನ್‌ಗೆ ಅಲೆದು ತರಿಸಿದ ನಿಯಮ ಅದು. ಅದನ್ನು ನಿಷ್ಪ್ರಯೋಜಕ ಎಂದವರು ನೀವೇ.

ನರಹರಿ: ಅಪಘಾತ ತಡೆಯುತ್ತಿರಲಿಲ್ಲ ಎಂದೆ. ನಿಷ್ಪ್ರಯೋಜಕ ಎಂಬ ಪದ ನನ್ನದಲ್ಲ.

ಗುರುಪ್ರಸಾದ: ಕಾಮೇರ್ ಬಗ್ಗೆ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಅನಂತಕೃಷ್ಣ, ಡಲ್ಲಾಸ್: ಬಾಗಿಲು ಹಾಕಿತು ಎಂದ ಅದೇ 2012ರಲ್ಲಿ ಡೆಲ್ಟಾ ಪೈಲಟ್‌ಗಳು ಮಾಡಿಕೊಂಡ ಒಪ್ಪಂದವನ್ನು ನೋಡಿ. 76 ಆಸನಗಳ ವಿಮಾನ ಇನ್ನಷ್ಟು ಹೊರಗೆ ಹೋಗಲು ಒಪ್ಪಿ, ಬದಲಿಗೆ 50 ಆಸನಗಳವನ್ನು ಬಹಳಷ್ಟು ಕಡಿಮೆ ಮಾಡಿಸಿ, ಅವಕ್ಕಿಂತ ದೊಡ್ಡದಾದ 88 ಬೋಯಿಂಗ್ 717 ವಿಮಾನಗಳನ್ನು ಡೆಲ್ಟಾದ ಪೈಲಟ್‌ಗಳೇ ಹಾರಿಸುವಂತೆ ಮಾಡಿದರು. ಹೊರಗೆ ಹೋಗಿದ್ದ ಕೆಲಸ ಸಂಘದ ಬಲದಿಂದ ಒಳಗೆ ಬಂತು.

ನರಹರಿ: 76 ಆಸನಗಳದು ಇನ್ನಷ್ಟು ಹೊರಗೆ ಹೋಗಲು ಒಪ್ಪಿದರು ಎಂದು ನೀವೇ ಬರೆದಿದ್ದೀರಿ. ಎಳ್ಳಷ್ಟೂ ಸಡಿಲಿಸಬಾರದು ಎಂಬ ನಿಮ್ಮ ಮೊದಲ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?

ಗುರುಪ್ರಸಾದ: ಆ 88 ವಿಮಾನಗಳಲ್ಲಿ ಕಾಮೇರ್ ಪೈಲಟ್‌ಗಳಿಗೆ ಅವರ ಸೀನಿಯಾರಿಟಿಯೊಂದಿಗೆ ಜಾಗ ಸಿಕ್ಕಿತೇ? ನಾನು ಕೇಳುತ್ತಿರುವುದು ಇದನ್ನೇ.