ಇಂಟ್ಯೂನ್ (ಕಂಪನಿ ಫೋನ್‌ಗಳನ್ನು ದೂರದಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ): ವೈಫೈ ಪ್ರೊಫೈಲ್ ಬದಲಿಸಿದ ಮೇಲೆ ಕೆಲವು ಆಂಡ್ರಾಯ್ಡ್ ಫೋನ್‌ಗಳು ಕನೆಕ್ಟ್ ಆಗುತ್ತಿಲ್ಲ

ಪ್ರಶ್ನೆ: ರೇಡಿಯಸ್ ಸರ್ವರ್‌ಗೆ (ವೈಫೈಗೆ ಬರುವವರ ಗುರುತು ಪರಿಶೀಲಿಸುವ ಸರ್ವರ್) ಹೊಸ ರೂಟ್‌ನ (ಸರ್ಟಿಫಿಕೇಟ್‌ಗಳನ್ನು ನಂಬಲು ಆಧಾರವಾದ ಮೂಲ) ಸರ್ಟಿಫಿಕೇಟ್ ಹಾಕಿ, ಇಎಪಿ-ಟಿಎಲ್‌ಎಸ್ (ಪಾಸ್‌ವರ್ಡ್ ಬದಲು ಸರ್ಟಿಫಿಕೇಟ್‌ನಿಂದ ಲಾಗಿನ್) ವೈಫೈ ಪ್ರೊಫೈಲ್ ತಿದ್ದಿದ್ದೇವೆ. ಕೆಲವು ಫೋನ್‌ಗಳು 'ಪೆಂಡಿಂಗ್'ನಲ್ಲೇ ಇವೆ. ಇನ್ನು ಕೆಲವಕ್ಕೆ ಪ್ರೊಫೈಲ್ ಬಂದರೂ ನೆಟ್‌ವರ್ಕ್ ಸಿಗುತ್ತಿಲ್ಲ. ಎಲ್ಲಿಂದ ನೋಡಲಿ?

ಉತ್ತರ 1: ಇವು ಎರಡು ಬೇರೆ ತೊಂದರೆಗಳು ಸರ್. ಮೊದಲು ಪೆಂಡಿಂಗ್ ನೋಡಿ. ವೈಫೈ ಪ್ರೊಫೈಲ್ ತಾನೊಂದೇ ಇಳಿಯುವುದಿಲ್ಲ. ಸ್ಕೆಪ್ ಸರ್ಟಿಫಿಕೇಟ್‌ಗೆ (ಫೋನಿಗೆ ತಾನಾಗಿ ಸಿಗುವ ಗುರುತಿನ ಸರ್ಟಿಫಿಕೇಟ್) ಕಾಯುತ್ತದೆ, ಅದು ಟ್ರಸ್ಟೆಡ್ ರೂಟ್‌ಗೆ ಕಾಯುತ್ತದೆ. ಮೂರನ್ನೂ ಒಂದೇ ಗ್ರೂಪಿಗೆ ಅಸೈನ್ ಮಾಡಿ. ಒಂದು ಯೂಸರ್ ಗ್ರೂಪಿಗೆ, ಇನ್ನೊಂದು ಡಿವೈಸ್ ಗ್ರೂಪಿಗೆ ಹೋಗಿದ್ದರೆ ಸರಪಳಿ ಅಲ್ಲೇ ತುಂಡಾಗುತ್ತದೆ.

ಉತ್ತರ 2: ಪ್ರೊಫೈಲ್ ಬಂದೂ ಕನೆಕ್ಟ್ ಆಗದವುಗಳಲ್ಲಿ ಆಂಡ್ರಾಯ್ಡ್ ಆವೃತ್ತಿ ನೋಡಿ. 11 ಮತ್ತು ಮೇಲಿನವಕ್ಕೆ ರೇಡಿಯಸ್ ಸರ್ವರ್ ಹೆಸರಿನ ಜಾಗ ಖಾಲಿ ಬಿಡಬೇಡಿ. ಸರ್ವರ್ ಸರ್ಟಿಫಿಕೇಟ್‌ನಲ್ಲಿರುವ ಡಿಎನ್‌ಎಸ್ ಹೆಸರು ಅಥವಾ ಅದರ ಕೊನೆಯ ಭಾಗ ಅಲ್ಲಿರಬೇಕು. ಒಂದಕ್ಷರ ತಪ್ಪಿದರೂ ಫೋನ್ ಸರ್ವರನ್ನು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಸ್ಕೆಪ್ ಮಾತ್ರ ಡಿವೈಸ್ ಗ್ರೂಪಿನಲ್ಲಿತ್ತು. ತಿದ್ದಿದೆ, ಆದರೂ ಸಿಂಕ್ ಆಗುತ್ತಿಲ್ಲ.

ಉತ್ತರ 2: ಕಚೇರಿ ವೈಫೈ ಇಲ್ಲದ ಫೋನಿಗೆ ತಿದ್ದುಪಡಿ ತಲುಪುವುದಾದರೂ ಹೇಗೆ? ಮೊಬೈಲ್ ಡೇಟಾ ಆನ್ ಮಾಡಿಸಿ, ಫೋನಿನಲ್ಲಿರುವ ಕಂಪನಿ ಪೋರ್ಟಲ್ ಆ್ಯಪ್‌ನಿಂದ ಸಿಂಕ್ ಕೊಡಿ. ಇಲ್ಲದಿದ್ದರೆ ಫೋನ್ ತಾನಾಗಿ ಇಂಟ್ಯೂನ್ ಸಂಪರ್ಕಿಸುವ ಮಾಮೂಲಿ ಚೆಕ್-ಇನ್ ಸುಮಾರು 8 ಗಂಟೆಗೊಮ್ಮೆ. ಮುಂದಿನ ಸಲ ಹಳೆ ರೂಟ್ ಹಾಗೇ ಇಟ್ಟು ಹೊಸದನ್ನು ಜೊತೆಗೆ ಕಳಿಸಿ; ಎಲ್ಲ ಫೋನ್‌ಗಳಿಗೂ ತಲುಪಿದ ಮೇಲೆಯೇ ಸರ್ವರ್ ಕಡೆ ಕೈ ಹಾಕಿ.