ಹೊಸ ಫೋನು, ಹಳೇ ಸಿಮ್ಮು: ‘ನೋ ಸಿಮ್’ ಅಂದರೆ ಕೆಟ್ಟಿರೋದು ಯಾವುದು?

ಪ್ರಶ್ನೆ (ಪಾಂಡವಪುರದ ಕಡೆಯ ಸದಸ್ಯೆ):
ಮೊಬೈಲ್ ರಿಪೇರಿ ಅಣ್ಣನವರಿಗೆ ನಮಸ್ಕಾರ. ಅಮ್ಮನಿಗೆ ಮೈಸೂರಿನಲ್ಲಿ ಹೊಸ ಫೋನ್ ಕೊಡಿಸಿದ್ವಿ. ಹಳೇ ಫೋನಿನಲ್ಲಿ ಚೆನ್ನಾಗಿದ್ದ ಸಿಮ್ ಇದರಲ್ಲಿ ಹಾಕಿದರೆ ‘ನೋ ಸಿಮ್ ಕಾರ್ಡ್’ ಅಂತ ಬರುತ್ತೆ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಟವರ್ ಬಂದು ಮತ್ತೆ ಹೋಗುತ್ತೆ. ಸಿಮ್ ತುಂಬಾ ಹಳೇದು. ದೊಡ್ಡ ಸಿಮ್ಮನ್ನೇ ಅಂಗಡಿಯಲ್ಲಿ ಕಟ್ ಮಾಡಿಸಿದ್ದು. ಫೋನ್ ಕೊಟ್ಟ ಅಂಗಡಿಯವರು ಸಿಮ್ ಹೋಗಿದೆ ಅಂತಾರೆ, ಸಿಮ್ ಕಡೆಯವರು ಫೋನ್ ತೋರಿಸಿ ಅಂತಾರೆ. ಹಾಲಿನ ಬಟವಾಡೆ, ಗೃಹಲಕ್ಷ್ಮಿ ದುಡ್ಡು ಎಲ್ಲದರ ಮೆಸೇಜೂ ಅದೇ ನಂಬರಿಗೆ ಬರೋದು. ಯಾರ ಮಾತು ನಂಬಲಿ?

ಉತ್ತರ (ಮೊಬೈಲ್ ರಿಪೇರಿ, ಮೈಸೂರು):
ಅಕ್ಕ, ಇಬ್ಬರ ಮಾತೂ ಸದ್ಯಕ್ಕೆ ಬೇಡ. ಮನೆಯಲ್ಲೇ ಅದಲು ಬದಲು ಮಾಡಿ ನೋಡಿ. ಅಮ್ಮನ ಸಿಮ್ಮನ್ನು ಬೇರೆ ಯಾರದಾದರೂ ಫೋನಿಗೆ ಹಾಕಿ. ಅವರ ಸಿಮ್ಮನ್ನು ಹೊಸ ಫೋನಿಗೆ ಹಾಕಿ, ಮೊದಲು ಒಂದನೇ ಸ್ಲಾಟಿಗೆ, ಆಮೇಲೆ ಎರಡನೆಯದಕ್ಕೆ. ಪ್ರತಿ ಸಲ ಫೋನ್ ಆಫ್ ಮಾಡಿಯೇ ಹಾಕಿ ತೆಗೀರಿ. ಅಮ್ಮನ ಸಿಮ್ ಎಲ್ಲಿ ಹೋದರೂ ತೊಂದರೆ ಕೊಟ್ಟರೆ ಸಿಮ್ಮಿನದೇ ತಪ್ಪು. ಹೊಸ ಫೋನು ಯಾವ ಸಿಮ್ಮನ್ನೂ ಹಿಡಿಯದಿದ್ದರೆ ಫೋನಿನ ತಪ್ಪು. ಆಗ ಯಾವ ರಿಪೇರಿಯವರ ಕೈಗೂ ಕೊಡಬೇಡಿ, ನನ್ನ ಕೈಗೂ ಬೇಡ. ಬಿಲ್ಲು, ಬಾಕ್ಸು ತಗೊಂಡು ಅಂಗಡಿಗೆ, ಇಲ್ಲಾ ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ. ಹೊರಗಡೆ ಒಮ್ಮೆ ಬಿಚ್ಚಿಸಿದರೆ ವಾರಂಟಿ ಕೇಳೋದು ಕಷ್ಟ.

ನೀವು ಬರೆದದ್ದು ನೋಡಿದರೆ ನನಗೆ ಅನುಮಾನ ಆ ಕಟ್ ಮಾಡಿಸಿದ ಸಿಮ್ ಮೇಲೆ. ಈಗಿನ ನ್ಯಾನೋ ಸಿಮ್ ಉದ್ದ 12.3 ಮಿಲಿಮೀಟರ್, ಅಗಲ 8.8, ದಪ್ಪ 0.67. ಹಳೇ ದೊಡ್ಡ ಸಿಮ್ಮಿನ ದಪ್ಪ 0.76. ಕಟರ್‌ನಲ್ಲಿ ಒತ್ತಿದರೆ ಉದ್ದ ಅಗಲ ಕಮ್ಮಿ ಆಗುತ್ತೆ, ದಪ್ಪ ಹಾಗೇ ಉಳಿಯುತ್ತೆ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು, ಆದರೆ ಟ್ರೇ ಒಳಗೆ ಅಷ್ಟೇ ಸಾಕು. ಜೊತೆಗೆ ಕಟರ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಚಿನ್ನದ ಬಣ್ಣದ ಭಾಗ ಫೋನಿನ ಪಿನ್ನುಗಳ ಮೇಲೆ ಸರಿಯಾಗಿ ಕೂರೋದಿಲ್ಲ. ಟವರ್ ಬಂದು ಬಂದು ಹೋಗೋದು ಇದರ ಗುರುತು. ಪೂರ್ತಿ ಸತ್ತ ಸಿಮ್ ಸಾಮಾನ್ಯವಾಗಿ ಹಾಗೆ ಮಾಡಲ್ಲ.

ಬಲವಂತವಾಗಿ ತಳ್ಳಬೇಡಿ. ಒಳಗಿನ ಪಿನ್ನುಗಳು ಸೂಕ್ಷ್ಮ, ಬಾಗಿದರೆ ಹೊಸ ಫೋನೇ ಕೆಟ್ಟ ಹಾಗೆ. ಅದು ನಮ್ಮ ಕೈಯಿಂದ ಆದ ಹಾನಿ ಅಂತ ವಾರಂಟಿಯೂ ಸಿಗಲ್ಲ. ಸಿಮ್ ಅಡಿಗೆ ಕಾಗದ ಇಡೋದು, ಟೇಪ್ ಅಂಟಿಸೋದು, ಉಪ್ಪುಕಾಗದದಲ್ಲಿ ಉಜ್ಜೋದು ಯಾವುದೂ ಬೇಡ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು.

ಪ್ರಶ್ನೆ (ಅದೇ ಸದಸ್ಯೆ):
ಮಾಡಿ ನೋಡಿದೆ ಅಣ್ಣ. ಪಕ್ಕದ ಮನೆಯವರ ಸಿಮ್ ಹೊಸ ಫೋನಿನ ಎರಡೂ ಕಡೆ ಚೆನ್ನಾಗಿ ಬಂತು. ಅಮ್ಮನ ಸಿಮ್ ಅವರ ಫೋನಿನಲ್ಲೂ ಬಂದು ಹೋಗ್ತಿದೆ. ಇನ್ನೊಂದು ವಿಷಯ, ಸಿಮ್ ನಮ್ಮ ತಂದೆಯವರ ಹೆಸರಲ್ಲಿದೆ. ಅವರು ತೀರಿಕೊಂಡಿದ್ದಾರೆ. ಬೇರೆ ಸಿಮ್ ಕೊಡ್ತಾರಾ? ಹೊಸ ನಂಬರ್ ತಗೊಂಡು ಎಲ್ಲಾ ಕಡೆ ಬದಲಾಯಿಸಿ ಅಂತ ಒಬ್ಬರು ಹೇಳಿದರು.

ಉತ್ತರ:
ಹಾಗಾದರೆ ಫೋನು ಸರಿ ಇದೆ, ಅಂಗಡಿಯವರ ಜೊತೆ ಜಗಳ ಬೇಡ. ನಂಬರನ್ನು ಮಾತ್ರ ಬಿಡಬೇಡಿ ಅಕ್ಕ. ಬ್ಯಾಂಕು, ಆಧಾರ್, ಡೇರಿ ಎಲ್ಲಾ ಆ ನಂಬರಿಗೆ ಸೇರಿಕೊಂಡಿರುವಾಗ ಬಿಟ್ಟರೆ ಅಮ್ಮ ಕಚೇರಿಯಿಂದ ಕಚೇರಿಗೆ ಅಲೀಬೇಕು. ಬಿಟ್ಟ ನಂಬರನ್ನು ಕಂಪನಿ ಕೆಲವು ತಿಂಗಳಾದ ಮೇಲೆ ಬೇರೆಯವರಿಗೆ ಕೊಡುತ್ತೆ, ಆಗ ಅಮ್ಮನ ಬ್ಯಾಂಕ್ ಮೆಸೇಜು ಇನ್ಯಾರಿಗೋ ಹೋಗುತ್ತೆ.

ಮೊದಲು ನಂಬರನ್ನು ಅಮ್ಮನ ಹೆಸರಿಗೆ ಮಾಡಿಸಿ, ವಾರಸುದಾರರಿಗೆ ಆ ಅವಕಾಶ ಇದೆ. ಆಮೇಲೆ ಅದೇ ನಂಬರಿಗೆ ಹೊಸ ಸಿಮ್ ಕೊಡ್ತಾರೆ. ತಂದೆಯವರ ಮರಣ ಪ್ರಮಾಣಪತ್ರ, ಅಮ್ಮ ಅವರ ಹೆಂಡತಿ ಅಂತ ತೋರಿಸೋ ದಾಖಲೆ, ಅಮ್ಮನ ಆಧಾರ್ ತಗೊಂಡು ಕಂಪನಿಯ ಸ್ವಂತ ಮಳಿಗೆಗೆ ಹೋಗಿ. ರೀಚಾರ್ಜ್ ಅಂಗಡಿಯಲ್ಲಿ ಈ ಕೆಲಸ ಆಗಲ್ಲ. ಅಮ್ಮನೇ ಬರಬೇಕು, ಅಲ್ಲೇ ಅವರ ಫೋಟೋ ತೆಗೆದು ಗುರುತು ಹಿಡೀತಾರೆ. ಹೋಗೋಕೆ ಮುಂಚೆ ಮಳಿಗೆಗೆ ಫೋನ್ ಮಾಡಿ ಇನ್ನೇನು ಕಾಗದ ಬೇಕು ಅಂತ ಕೇಳಿಕೊಳ್ಳಿ, ವಯಸ್ಸಾದವರನ್ನು ಮತ್ತೆ ಮತ್ತೆ ಬಸ್ಸಿನಲ್ಲಿ ಕರೆದುಕೊಂಡು ಹೋಗೋದು ತಪ್ಪುತ್ತೆ. ಹಳೇ ಸಿಮ್ಮಿನಲ್ಲೇ ಉಳಿಸಿದ ನಂಬರುಗಳಿದ್ದರೆ ಇವತ್ತೇ ಫೋನಿಗೆ ಕಾಪಿ ಮಾಡಿ, ಹೊಸ ಸಿಮ್ಮಿಗೆ ಅವು ಬರಲ್ಲ.

ದಿನ ನೋಡಿಕೊಂಡು ಹೋಗಿ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ಕರೆ ಬರುತ್ತೆ, ಓಟಿಪಿ ಬರಲ್ಲ. ಕಳ್ಳರು ಬೇರೆಯವರ ನಂಬರಿಗೆ ಡೂಪ್ಲಿಕೇಟ್ ಸಿಮ್ ತೆಗೆಸಿ ಬ್ಯಾಂಕ್ ಖಾತೆ ಬರಿದು ಮಾಡ್ತಿದ್ದರು, ಅದನ್ನು ತಡೆಯೋಕೆ ಮಾಡಿದ ನಿಯಮ. ಸಿಮ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಅದೇ ಕಾರಣಕ್ಕೆ 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ 7 ದಿನದೊಳಗೆ ಬೇರೆ ಕಂಪನಿಗೆ ಪೋರ್ಟ್ ಆಗೋಕೂ ಬಿಡಲ್ಲ.

ಎಲ್ಲರಿಗೂ ಒಂದು ಮಾತು. ಚೆನ್ನಾಗಿದ್ದ ಸಿಮ್ಮು ಇದ್ದಕ್ಕಿದ್ದ ಹಾಗೆ ‘ನೋ ಸರ್ವೀಸ್’ ಅಂದು, ಅದೇ ಕಂಪನಿಯ ಸಿಮ್ ಇರುವ ಮನೆಯ ಬೇರೆಯವರಿಗೆ ಟವರ್ ಇದ್ದರೆ ರಿಪೇರಿ ಅಂಗಡಿಗೆ ಬರಬೇಡಿ. ಬೇರೆ ಫೋನಿನಿಂದ ತಕ್ಷಣ ಕಂಪನಿಗೆ ಕರೆ ಮಾಡಿ, ನನ್ನ ನಂಬರಿಗೆ ಯಾರಾದರೂ ಸಿಮ್ ತೆಗೆಸಿದ್ದಾರಾ ಅಂತ ಕೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ‘ನಿಮ್ಮ ಸಿಮ್ಮನ್ನು 5ಜಿ ಮಾಡಿಕೊಡ್ತೀವಿ, ಓಟಿಪಿ ಹೇಳಿ’ ಅಂತ ಬರೋ ಕರೆಯೂ ಇದೇ ಕಳ್ಳತನ. ಜಿಯೋ, ಏರ್‌ಟೆಲ್ ಎರಡರಲ್ಲೂ ಈಗಿರೋ 4ಜಿ ಸಿಮ್ಮಿನಲ್ಲೇ 5ಜಿ ಬರುತ್ತೆ.

ಪ್ರಶ್ನೆ (ಮದ್ದೂರು):
ಅಣ್ಣ, ನಮ್ಮುಡ್ಗ ಪಿನ್ ಒತ್ತಿ ಒತ್ತಿ ಈಗ ಪಿಯುಕೆ ಕೇಳ್ತಾ ಅದೆ. ಏನ್ಮಾಡದು?

ಉತ್ತರ:
ಅಂದಾಜಿನಲ್ಲಿ ಏನೂ ಒತ್ತಬೇಡಿ. ಸಿಮ್ಮಿನ ಗುಟ್ಟಿನ ಅಂಕಿ, ಅಂದರೆ ಪಿನ್, 3 ಸಲ ತಪ್ಪಿದರೆ ಬೀಗ ಬೀಳುತ್ತೆ, ಅದನ್ನು ತೆಗೆಯೋ ಪಿಯುಕೆ ಅಂಕಿ ಕೇಳುತ್ತೆ, ಪಿಯುಕೆ 10 ಸಲ ತಪ್ಪಿದರೆ ಆ ಸಿಮ್ ಶಾಶ್ವತವಾಗಿ ಸತ್ತ ಹಾಗೆ. ಕಸ್ಟಮರ್ ಕೇರಿಗೆ ಕರೆ ಮಾಡಿ, ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಮಾತಾಡಿ 8 ಅಂಕಿಯ ಪಿಯುಕೆ ತಗೊಳ್ಳಿ. ಹುಡುಗನಿಗೆ ಬೈಬೇಡಿ, ಇನ್ನೂ ಏನೂ ಕೆಟ್ಟಿಲ್ಲ.

ಪ್ರಶ್ನೆ (ಮಂಡ್ಯ, ಕಾಲೇಜು ವಿದ್ಯಾರ್ಥಿ):
ಸರ್, ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡೆ. ಯಾವ ಸಿಮ್ ಹಾಕಿದರೂ ಹೆಸರು ತೋರಿಸುತ್ತೆ, ಆದರೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’.

ಉತ್ತರ:
ಸಿಮ್ಮನ್ನು ಓದುತ್ತಿದೆ ಅಂದರೆ ಸ್ಲಾಟ್ ಸರಿ ಇದೆ. ನೆಟ್‌ವರ್ಕ್ ಒಳಗೆ ಬಿಟ್ಟುಕೊಳ್ತಿಲ್ಲ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರುತ್ತೆ, ಎರಡು ಸಿಮ್ ಫೋನಾದರೆ ಎರಡು. ಇಂಗ್ಲಿಷ್ ಅಕ್ಷರದಲ್ಲಿ KYM ಅಂತ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ, ಬೇರೆ ಫೋನಿನಿಂದ 14422ಕ್ಕೆ ಮೆಸೇಜ್ ಕಳಿಸಿ, ಫೋನ್ ಬ್ಲಾಕ್ ಆಗಿದೆಯಾ ಅಂತ ಗೊತ್ತಾಗುತ್ತೆ. ಕಳೆದುಹೋದ ಫೋನನ್ನು ಮಾಲೀಕರು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸುವ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲಾ ಬಂತು. ಹಾಗೆ ಬ್ಲಾಕ್ ಆಗಿದ್ದರೆ ಯಾವ ಸಿಮ್ಮೂ ನಡೆಯಲ್ಲ. ಐಎಂಇಐ ಅಂಕಿ ಬದಲಾಯಿಸಿಕೊಡ್ತೀನಿ ಅನ್ನೋರ ಹತ್ತಿರ ಹೋಗಬೇಡಪ್ಪ, ಅದು ಅಪರಾಧ. ಮಾರಿದವರಿಂದ ಬಿಲ್ಲು ಕೇಳು. ಕೊಡದಿದ್ದರೆ ಪೊಲೀಸ್ ಠಾಣೆಗೆ ನೀನೇ ಹೋಗಿ ತಿಳಿಸು. ಬ್ಲಾಕ್ ಇಲ್ಲ ಅಂತ ಉತ್ತರ ಬಂದರೆ ಫೋನ್ ತಗೊಂಡು ಬಾ, ನೆಟ್‌ವರ್ಕ್ ಭಾಗ ನೋಡ್ತೀನಿ.

ಪ್ರಶ್ನೆ (ಪಾಂಡವಪುರದ ಸದಸ್ಯೆ):
ಅಣ್ಣ, ಅಮ್ಮನ ಹೆಸರಿಗೆ ಆಯ್ತು, ಹೊಸ ಸಿಮ್ಮೂ ಬಂತು, ಟವರ್ ಗಟ್ಟಿಯಾಗಿ ನಿಂತಿದೆ. ಫೋನ್‌ಪೇ ಮಾತ್ರ ‘ವೆರಿಫಿಕೇಶನ್ ಫೇಲ್ಡ್’ ಅಂತಿದೆ.

ಉತ್ತರ:
ಸಂತೋಷ ಅಕ್ಕ. ಆ ಆ್ಯಪ್ ನಿಮ್ಮ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಹಿಡಿಯುತ್ತೆ, ಆ 24 ಗಂಟೆ ಮುಗಿಯೋ ತನಕ ಅದು ಹೋಗಲ್ಲ. ಮತ್ತೆ ಮತ್ತೆ ಒತ್ತಬೇಡಿ. ನಾಳೆ ಮೆಸೇಜು ಬರೋಕೆ ಶುರುವಾದ ಮೇಲೆ ಮಾಡಿ. ಎಸ್ಸೆಮ್ಮೆಸ್ ಹೋಗುವಂಥ ರೀಚಾರ್ಜ್ ಇರಲಿ, ಆ್ಯಪ್ ಯಾವ ಸಿಮ್ ಅಂತ ಕೇಳಿದಾಗ ಅಮ್ಮನ ಸಿಮ್ಮನ್ನೇ ಆರಿಸಿ.