ಪೇಂಟ್ ಹೊಡೆದ ತಕ್ಷಣ ದುಂಡಗೆ ಗುಳಿ ಬೀಳುತ್ತಿದೆ, ಇದಕ್ಕೆ ಸರಿಯಾದ ಹೆಸರೇನು?

ಹಳೇಗಾಡಿ_ಮೈಸೂರು:
ಎಲ್ಲರಿಗೂ ನಮಸ್ಕಾರ. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಟ್ಯಾಂಕಿಗೆ ಮನೆಯ ಶೆಡ್‌ನಲ್ಲೇ ಕಪ್ಪು ಪೇಂಟ್ ಹೊಡೆಯುತ್ತಿದ್ದೇನೆ. ಇಲ್ಲೇ ಮೈಸೂರಿನಲ್ಲಿ ತಯಾರಾದ ಗಾಡಿ. ಆ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಇಂಥದ್ದೇ ಒಳ್ಳೆಯ ಟ್ಯಾಂಕ್ ಮತ್ತೆ ಸಿಗುವುದು ಕಷ್ಟ, ಹಾಗಾಗಿ ಇದನ್ನೇ ಸರಿ ಮಾಡಬೇಕು.

ಹಳೇ ಪೇಂಟ್ ತೆಗೆದು, ಪ್ರೈಮರ್ ಹಾಕಿ, ವಾಟರ್ ಪೇಪರ್‌ನಲ್ಲಿ ಉಜ್ಜಿ, ಹಾರ್ಡನರ್ ಬೆರೆಸುವ ಟೂ-ಕೆ ಪೇಂಟನ್ನು ಗನ್ನಿನಲ್ಲಿ ಹೊಡೆದೆ. ಹೊಡೆದ ಕ್ಷಣ ಕನ್ನಡಿ ಥರ ಇತ್ತು. ಕಣ್ಣೆದುರಿಗೇ ಅಲ್ಲಲ್ಲಿ ಪೇಂಟ್ ತಾನಾಗಿ ಹಿಂದಕ್ಕೆ ಸರಿದು ದುಂಡನೆಯ ಗುಳಿಗಳಾದವು. ಕೆಲವು ಸಾಸಿವೆ ಕಾಳಿನಷ್ಟು, ಒಂದೆರಡು ತೊಗರಿಬೇಳೆಯಷ್ಟು. ನಡುವೆ ಪ್ರೈಮರ್‌ನ ಬೂದು ಬಣ್ಣ ಕಾಣುತ್ತದೆ, ಸುತ್ತ ದಪ್ಪ ಅಂಚು. ಇನ್ನೊಂದು ಕೋಟ್ ಹೊಡೆದರೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಪೇಂಟ್ ಅಂಗಡಿಯಲ್ಲಿ ಪಿನ್‌ಹೋಲ್ ಅಂದರು, ಪುಟ್ಟಿ ಕೊಟ್ಟರು. ಪುಟ್ಟಿ ಹಚ್ಚಿ ಉಜ್ಜಿ ಮತ್ತೆ ಹೊಡೆದರೆ ಮೊದಲಿಗಿಂತ ಜಾಸ್ತಿ ಬಂತು. ಇದು ನಿಜವಾಗಲೂ ಪಿನ್‌ಹೋಲ್ ಹೌದಾ?

ಗನ್_ಕಂಪ್ರೆಸರ್:
ಅಲ್ಲ ಸರ್, ಇದು ಫಿಶ್ ಐ. ಮೀನಿನ ಕಣ್ಣಿನ ಹಾಗೆ ನಡುವೆ ಒಂದು ಚುಕ್ಕೆ, ಸುತ್ತ ಬಳೆಯಂಥ ಅಂಚು, ಅದಕ್ಕೇ ಆ ಹೆಸರು. ಸಿಸ್ಸಿಂಗ್ ಅಂತಲೂ ಕರೆಯುತ್ತಾರೆ. ಪಿನ್‌ಹೋಲ್ ಸೂಜಿ ಚುಚ್ಚಿದ ಹಾಗೆ ಸಣ್ಣಗೆ, ಆಳವಾಗಿ ಇರುತ್ತದೆ, ಸಾಮಾನ್ಯವಾಗಿ ಕೆಳಗಿನ ಪುಟ್ಟಿಯಲ್ಲೇ ಗಾಳಿ ಸಿಕ್ಕಿಕೊಂಡು ಆಗಿರುತ್ತದೆ. ಥಿನ್ನರ್ ಒಳಗೇ ಉಳಿದು ಆಮೇಲೆ ಉಬ್ಬಿ ಒಡೆಯುವುದು ಬೇರೆ, ಅದಕ್ಕೆ ಸಾಲ್ವೆಂಟ್ ಪಾಪ್ ಅನ್ನುತ್ತಾರೆ, ಅದು ಒಣಗುವಾಗ ಬರುವುದು. ನಿಮ್ಮದು ಪೇಂಟ್ ಹಸಿಯಾಗಿದ್ದಾಗಲೇ ಸರಿದಿದೆ, ಅದೇ ದೊಡ್ಡ ಗುರುತು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಫಿಶ್ ಐಗೆ ಪುಟ್ಟಿ ಹಚ್ಚಿ ಪ್ರಯೋಜನ ಇಲ್ಲ. ಕೆಳಗೆ ಎಣ್ಣೆಯೋ ವ್ಯಾಕ್ಸೋ ಸಿಲಿಕೋನೋ ಕೂತಿದೆ. ಅದನ್ನು ಒರೆಸದೆ ಉಜ್ಜಿದ್ದಕ್ಕೆ ಪೇಪರ್ ಗೀರುಗಳ ಒಳಗೆಲ್ಲ ಹರಡಿದೆ, ಎರಡನೇ ಸಲ ಜಾಸ್ತಿ ಆಗಿದ್ದು ಅದಕ್ಕೇ. ಕಂಪ್ರೆಸರ್ ಲೈನಿನಲ್ಲಿ ಎಣ್ಣೆ, ನೀರು ಬರುತ್ತಿದೆಯಾ ಅಂತಲೂ ನೋಡಿ. ಬಿಳಿ ಹಾಳೆಯ ಮೇಲೆ ಬರೀ ಗಾಳಿ ಬಿಟ್ಟರೆ ಕಲೆ ಬೀಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ಶೆಡ್‌ನಲ್ಲಿ ಯಾರಾದರೂ ಪಾಲಿಶ್ ಸ್ಪ್ರೇ ಏನಾದರೂ ಹೊಡೆಯುತ್ತಾರಾ?

ಇನ್ನೊಂದು, ಟೂ-ಕೆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯಬೇಡಿ, ಶ್ವಾಸಕೋಶ ಹಾಳಾಗುತ್ತದೆ.

ಕೆಮಿಸ್ಟ್ರಿ_ಮೇಷ್ಟ್ರು:
ಯಾಕೆ ಹೀಗಾಗುತ್ತದೆ ಅನ್ನುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಬೆರಳಿಗೆ ಸೋಪು ಹಚ್ಚಿಕೊಂಡು ನಡುವೆ ಮುಟ್ಟಿ. ಪುಡಿ ಒಂದೇ ಕ್ಷಣದಲ್ಲಿ ಅಂಚಿಗೆ ಓಡುತ್ತದೆ. ಸೋಪು ಮುಟ್ಟಿದ ಜಾಗದಲ್ಲಿ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಪದರ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಬಲ, ಕಡಿಮೆಯಾಯಿತು, ಸುತ್ತಲಿನ ನೀರು ಜೋರಾಗಿ ತನ್ನ ಕಡೆಗೆ ಎಳೆದುಕೊಂಡಿತು. ಇದಕ್ಕೆ ಮರಂಗೋನಿ ಪರಿಣಾಮ ಅಂತ ಹೆಸರು. ಇಟಲಿಯ ಕಾರ್ಲೊ ಮರಂಗೋನಿ 1865ರಲ್ಲೇ ಇದರ ಬಗ್ಗೆ ಬರೆದಿದ್ದರು.

ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಥಿನ್ನರ್‌ನಲ್ಲಿ ಇರುವ ಟಾಲ್ಯುಯೀನ್‌ಗೆ 28ರ ಹತ್ತಿರ. ಸಿಲಿಕೋನ್ ಎಣ್ಣೆಗೆ ಬರೀ 21ರ ಆಸುಪಾಸು. ಹಾಗಾಗಿ ಸಿಲಿಕೋನ್ ಇರುವ ಚುಕ್ಕೆಯಿಂದ ಪೇಂಟ್ ಹಿಂದೆ ಸರಿದು ಸುತ್ತ ಗುಡ್ಡೆಯಾಗುತ್ತದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲದೆ ಮುದ್ದೆಯಾಗುತ್ತದಲ್ಲ, ಹತ್ತಿರದ ಸಂಬಂಧ. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಇದ್ದರೂ ಸಾಕು.

ಹಳೇಗಾಡಿ_ಮೈಸೂರು:
ಸಿಕ್ಕಿತು ಸರ್! ತಮ್ಮ ಅದೇ ಶೆಡ್‌ನಲ್ಲಿ ಕಾರಿನ ಟೈರಿಗೆ ಹೊಳಪು ಬರುವ ಸ್ಪ್ರೇ ಹೊಡೆಯುತ್ತಾನೆ. ಡಬ್ಬಿ ತಿರುಗಿಸಿ ನೋಡಿದೆ, ಸಿಲಿಕೋನ್ ಅಂತ ಬರೆದಿದೆ. ಅವನು ಟೈರ್ ಒರೆಸುವ ಬಟ್ಟೆಯನ್ನೇ ಒಗೆದು ನಾನು ಟ್ಯಾಂಕ್ ಒರೆಸಿದ್ದೆ. ಈಗ ಏನು ಮಾಡಲಿ? ಪೇಂಟ್‌ಗೆ ಬೆರೆಸುವ ಫಿಶ್ ಐ ಡ್ರಾಪ್ಸ್ ಸಿಗುತ್ತದಂತೆ, ಹಾಕಲಾ?

ಗನ್_ಕಂಪ್ರೆಸರ್:
ಮನೆ ಕೆಲಸಕ್ಕೆ ಬೇಡ ಅನ್ನುತ್ತೇನೆ. ಆ ಡ್ರಾಪ್ಸ್‌ನಲ್ಲಿ ಹೆಚ್ಚಾಗಿ ಇರುವುದೂ ಸಿಲಿಕೋನೇ, ಇಡೀ ಪೇಂಟಿನ ಎಳೆತ ಇಳಿಸಿ ಗುಳಿ ಮುಚ್ಚುತ್ತದೆ. ಆಮೇಲೆ ಗನ್ ತೊಳೆದಿದ್ದು ಸಾಲದಿದ್ದರೆ ಮುಂದಿನ ಕೆಲಸಕ್ಕೂ ಅದೇ ಕಾಟ.

ಪೇಂಟ್ ಪೂರ್ತಿ ಗಟ್ಟಿಯಾಗಲು ಬಿಡಿ. ಪೇಪರ್ ಮುಟ್ಟುವ ಮೊದಲು ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಿ. ಎರಡು ಹೊಸ ಬಟ್ಟೆ ಬೇಕು, ಒಂದು ಒದ್ದೆ, ಇನ್ನೊಂದು ಒಣ. ಒದ್ದೆ ಬಟ್ಟೆಯಲ್ಲಿ ಒಂದು ಅಂಗೈ ಅಗಲ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಿ. ತಾನಾಗಿ ಆರಿದರೆ ಕರಗಿದ ಕೊಳೆ ಅಲ್ಲೇ ಕೂರುತ್ತದೆ. ಬಟ್ಟೆ ಆಗಾಗ ಮಗುಚಿಕೊಳ್ಳಿ. ಆಮೇಲೆ ಉಜ್ಜಿ, ಮತ್ತೆ ಒರೆಸಿ. ತಗಡಿನವರೆಗೆ ಇಳಿಸಿದರೆ ಶುದ್ಧ ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಂತೆ ನಿಂತರೆ ಕ್ಲೀನ್, ಎಲ್ಲಾದರೂ ಒಡೆದು ಹನಿಯಾದರೆ ಅಲ್ಲಿ ಇನ್ನೂ ಜಿಡ್ಡಿದೆ. ತಕ್ಷಣ ಒಣಗಿಸಿ, ಇಲ್ಲದಿದ್ದರೆ ತುಕ್ಕು. ಮೊದಲ ಕೋಟ್ ತೆಳ್ಳಗೆ ಮಂಜಿನ ಹಾಗೆ ಹೊಡೆದು, ಅಂಟಂಟಾದ ಮೇಲೆ ಮುಂದಿನದು.

ಹಳೇಗಾಡಿ_ಮೈಸೂರು:
ಅಪ್‌ಡೇಟ್ ಕೊಡುತ್ತಿದ್ದೇನೆ. ಕಾರ್ಟ್ರಿಡ್ಜ್ ಮಾಸ್ಕ್ ತಂದೆ. ಈ ಸಲ ಪ್ರೈಮರ್ ಕೂಡ ತೆಗೆದು ತಗಡಿಗೇ ಹೋದೆ. ಮೊದಲ ಸಲ ನೀರು ಸುರಿದಾಗ ಪೆಟ್ರೋಲ್ ಮುಚ್ಚಳದ ಸುತ್ತ ಹನಿಹನಿಯಾಗಿ ಒಡೆಯಿತು, ಮೂರನೇ ಸಲ ಒರೆಸಿದ ಮೇಲೆ ಪೂರ್ತಿ ಹಾಳೆಯಾಗಿ ನಿಂತಿತು. ನಿನ್ನೆ ಬೆಳಗ್ಗೆ ಕಪ್ಪು ಹೊಡೆದೆ, ಗುಳಿ ಒಂದೂ ಇಲ್ಲ. ತಮ್ಮನ ಸ್ಪ್ರೇ ಡಬ್ಬಿ ಈಗ ಗೇಟಿನ ಹೊರಗೆ ಇದೆ. ಅಪ್ಪ ಸಂಜೆ ಬಂದು ಟ್ಯಾಂಕ್ ಮುಟ್ಟಲು ಕೈ ಚಾಚಿದರು, ಇನ್ನೂ ಎರಡು ದಿನ ತಡೀರಿ ಅಂದೆ.